ಐದನೆಯ ಬೋನು

ಮಾರ್ಚ್ ೩, ಸೋಮವಾರ

ಇವತ್ತು ಮೂರನೇ ಮಹಡಿಯ ಹೆಂಗಸರ ವಾರ್ಡಿಗೆ ಒಗೆದ ಹಾಸುಬಟ್ಟೆಗಳ ಜೊತೆ ಮೂರು ಬೆಕ್ಕಿನ ಮರಿಗಳೂ ಹೋದವು. ಒಣಗಿಸುವ ಕೋಣೆಯಲ್ಲಿ ಬೆಚ್ಚಗೆ ನಿಂತಿದ್ದ ಬಟ್ಟೆ ಗಾಡಿಯೊಳಗೆ ತಾಯಿ ಹೆತ್ತಿಟ್ಟಿದ್ದಾಳೆ. ತಳ್ಳುವವರು ನೋಡದೆ ತಳ್ಳಿಕೊಂಡು ಹೋಗಿದ್ದಾರೆ. ಹಾಸಿಗೆ ಹಾಸಲು ಹೋದ ನರ್ಸ್ ಕೈಗೆ ಮೆತ್ತಗೆ ಏನೋ ತಾಗಿ ಆಕೆ ಕಿರುಚಿದ್ದು ಕೆಳಗಿನ ಹೊಲಿಗೆ ಕೋಣೆಯವರೆಗೂ ಕೇಳಿಸಿತಂತೆ. ನನಗೆ ಕೇಳಿಸಲಿಲ್ಲ. ನಾನು ಯಂತ್ರ ತುಳಿಯುತ್ತಿದ್ದೆ.

ಮೇಲ್ವಿಚಾರಕರು ಕರೆಸಿದರು. ಈ ಆಸ್ಪತ್ರೆಯ ಹರಿದ ಬಟ್ಟೆಗೆಲ್ಲ ಇಪ್ಪತ್ತೆರಡು ವರ್ಷದಿಂದ ತೇಪೆ ಹಾಕುತ್ತಿದ್ದೇನೆ, ಅವರು ನನಗೆ "ಕೂತ್ಕೊಳ್ಳಿ" ಎಂದದ್ದು ಇವತ್ತೇ ಮೊದಲು.

"ಹಿತ್ತಲಲ್ಲಿ ಬೆಕ್ಕುಗಳಿಗೆ ಊಟ ಹಾಕೋರು ನೀವೇ ಅಲ್ವಾಮ್ಮಾ?"

"ಅಡುಗೆಮನೇಲಿ ಉಳಿದದ್ದು ಹಾಕ್ತೀನಿ ಸರ್. ಇಲಿ ಬರಬಾರ್ದು ಅಂತ."

"ಇಲಿ ಬರ್ಲಿಲ್ಲ, ಸರಿ. ರೋಗಿ ಹಾಸಿಗೆ ಮೇಲೆ ಮರಿ ಬಂತು. ನಾಳೆ ಹಿಡಿಯೋರ ಗಾಡಿ ಕರೆಸ್ತೀನಿ."

ಆ ಗಾಡಿ ನನಗೆ ಗೊತ್ತು. ಹಿಡಿದದ್ದನ್ನೆಲ್ಲ ಊರಾಚೆಯ ಕಸದ ಗುಡ್ಡೆಯ ಮೇಲೆ, ನಾಯಿಗಳ ನಡುವೆ ಸುರಿದು ಬರುತ್ತಾರೆ. "ಸ್ವಲ್ಪ ಸಮಯ ಕೊಡಿ ಸರ್, ನಾನು ನೋಡ್ಕೋತೀನಿ" ಎಂದು ಬಾಯಿಂದ ಬಿದ್ದುಹೋಯಿತು. ಏನು ನೋಡಿಕೊಳ್ಳುವುದು, ಹೇಗೆ, ದೇವರೇ ಬಲ್ಲ. ಏಪ್ರಿಲ್ ೨೧ಕ್ಕೆ ತಪಾಸಣೆಯ ತಂಡ ಬರುತ್ತದೆ. ಅಲ್ಲಿಯವರೆಗೆ ನನಗೆ ಗಡುವು.

ಅತ್ತಿಗೆಗೆ ಹೇಳಿದೆ. ಅಣ್ಣ ಹೋದ ಮೇಲೆ ಈ ಎರಡು ಕೋಣೆಯಲ್ಲಿ ನಾವಿಬ್ಬರೇ. ಜಗಳವಾಡಲು ಮೂರನೆಯವರ ಅಗತ್ಯ ಬಿದ್ದಿಲ್ಲ. "ಬೆಕ್ಕಿಗೆ ಗಂಟೆ ಕಟ್ಟೋರು ಯಾರು ಅಂತ ಲೋಕವೇ ಹುಡುಕ್ತಾ ಇತ್ತು. ನೀನೇ ಕೈ ಎತ್ತಿದೆಯಾ?" ಎಂದು ನಕ್ಕರು. ಮರಿಗಳನ್ನು ಹಳೆ ಬಟ್ಟೆಯ ಬುಟ್ಟಿಯಲ್ಲಿಟ್ಟು ಬಂದಿದ್ದೇನೆ ಎಂದಾಗ ಮಾತ್ರ, ತಾಯಿ ಬಂದು ಕಚ್ಚಿಕೊಂಡು ಹೋದಳಾ ಎಂದು ಎರಡು ಸಲ ಕೇಳಿದರು. ಹೋದಳು. ಮೂರನ್ನೂ.

ಮಾರ್ಚ್ ೬, ಗುರುವಾರ

ಎರಡು ಬೀದಿ ಆಚೆ ಪ್ರಾಣಿಗಳ ಆಸ್ಪತ್ರೆ ನಡೆಸುವ ಡಾಕ್ಟರಮ್ಮನನ್ನು ನೋಡಿ ಬಂದೆ. ಚಿಕ್ಕ ವಯಸ್ಸು, ನಗು ಕಡಿಮೆ. ನನ್ನ ಗೋಳು ಪೂರ್ತಿ ಕೇಳುವ ಮೊದಲೇ ಎಷ್ಟು ಬೆಕ್ಕು ಎಂದರು. ಹನ್ನೊಂದು, ಮರಿ ಬಿಟ್ಟು.

"ಗಾಡಿಯವರು ಹನ್ನೊಂದನ್ನೂ ಹೊತ್ಕೊಂಡು ಹೋದ್ರೆ ಎರಡು ತಿಂಗಳಲ್ಲಿ ಬೇರೆ ಬರುತ್ವೆ. ಜಾಗ ಖಾಲಿ, ತಿನ್ನೋಕೆ ಇದೆ, ಮಲಗೋಕೆ ಬೆಚ್ಚಗಿದೆ. ಬರ್ದೆ ಏನು? ಇರೋದನ್ನೇ ಹಿಡಿದು ಆಪರೇಷನ್ ಮಾಡಿ ಅಲ್ಲೇ ಬಿಟ್ರೆ ಹೊಸದನ್ನ ಅವೇ ಒಳಗೆ ಬಿಡಲ್ಲ, ಮರಿಯೂ ಆಗಲ್ಲ."

ಆಪರೇಷನ್ ಆದದ್ದಕ್ಕೆ ಗುರುತಾಗಿ ಎಡಗಿವಿಯ ತುದಿ ಕತ್ತರಿಸುತ್ತಾರಂತೆ. ನನ್ನ ಮುಖ ನೋಡಿ, "ಮತ್ತಿನಲ್ಲಿರುವಾಗ ಕಣಮ್ಮಾ. ಗುರುತಿಲ್ದೆ ಎರಡನೇ ಸಲ ಹೊಟ್ಟೆ ಕುಯ್ಯೋದಕ್ಕಿಂತ ವಾಸಿ" ಎಂದರು.

ಆಮೇಲೆ ಪಾಠ. ಹಿಡಿಯುವ ಹಿಂದಿನ ದಿನ ಊಟ ಹಾಕಬಾರದು. ಬೋನಿನ ಬಾಗಿಲು ಬಿದ್ದ ಕೂಡಲೇ ಬಟ್ಟೆ ಮುಚ್ಚಬೇಕು, ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ. ಹಾಲು ಕೊಡುವ ತಾಯಿಯನ್ನು ಮರಿ ತಾನಾಗಿ ತಿನ್ನುವವರೆಗೆ ಮುಟ್ಟಬಾರದು, ತಪ್ಪಿ ಬಿದ್ದರೆ ಆ ಕ್ಷಣ ಬಿಡಬೇಕು. ಹಿಡಿದ ಜಾಗದಲ್ಲೇ ವಾಪಸು ಬಿಡಬೇಕು. ಕೊನೆಗೆ ಬೆರಳು ತೋರಿಸಿ ಹೇಳಿದರು: "ಇಟ್ಟ ಬೋನು ಎಷ್ಟು, ತಂದ ಬೋನು ಎಷ್ಟು, ಬಾಯಿಬಿಟ್ಟು ಎಣಿಸ್ಬೇಕು. ಮನಸ್ಸಿನಲ್ಲಿ ಎಣಿಸಿದ್ದು ಎಣಿಕೆ ಅಲ್ಲ."

ಮೈ ಉರಿಯಿತು. ದಿನಕ್ಕೆ ಇನ್ನೂರು ದಿಂಬಿನ ಚೀಲ ಎಣಿಸುವವಳಿಗೆ ಐದು ಬೋನು ಎಣಿಸಲು ಕಲಿಸುತ್ತಾರೆ. ಐದೂ ಅಲ್ಲ, ಅವರು ಎರವಲು ಕೊಟ್ಟದ್ದು ನಾಲ್ಕೇ. ಒಂದರ ಬಾಗಿಲಿನ ಸ್ಪ್ರಿಂಗ್ ಹೋಗಿದೆ, ಅದು ಬೇಡ ಎಂದು ಪಟ್ಟಿಯಿಂದ ಹೊಡೆದುಹಾಕಿದರು. ನಾನು ಬಿಡಲಿಲ್ಲ, ರಿಪೇರಿ ಮಾಡಿ ನೋಡುತ್ತೇನೆಂದು ಅದನ್ನೂ ಹೊತ್ತು ತಂದೆ.

ಮೇಲ್ವಿಚಾರಕರು ಒಪ್ಪಿದರು. ಮೂರು ಷರತ್ತು: ತಪಾಸಣೆಯ ದಿನ ಒಂದು ಮರಿಯೂ ಕಾಣಬಾರದು, ಎಲ್ಲ ಬೆಕ್ಕಿನ ಕಿವಿ ಕತ್ತರಿಸಿರಬೇಕು, ಬಟ್ಟೆ ವಿಭಾಗದಲ್ಲಿ ಈ ಕೆಲಸದಿಂದ ಯಾವ ಅನಾಹುತವೂ ಆಗಬಾರದು. "ಒಂದು ಷರತ್ತು ಮುರಿದ್ರೂ ಗಾಡಿ ಬರುತ್ತೆ" ಎಂದರು.

ಮಾರ್ಚ್ ೧೧, ಮಂಗಳವಾರ

ಮೂರು ಸಿಕ್ಕವು! ದಿಂಬು, ಇಸ್ತ್ರಿ, ಗುಂಡಿ, ಹೆಸರೆಲ್ಲ ನಾನಿಟ್ಟದ್ದೇ. ದಿಂಬು ಹೊಟ್ಟೆಬಾಕ, ಬೋನು ಇಟ್ಟು ನಾನು ಹಿಂದೆ ಸರಿಯುವುದರೊಳಗೆ ಒಳಗಿದ್ದ. ಬಾಗಿಲು ಬಿದ್ದ ಸದ್ದಿಗೆ ನನ್ನ ಎದೆಯೇ ಬಿದ್ದಂತಾಯಿತು. ಹರಿದ ಹಾಸುಬಟ್ಟೆ ಹೊದಿಸಿದ ಮೇಲೆ ನಿಜಕ್ಕೂ ಸುಮ್ಮನಾದವು.

ಬಾಯ್ಲರ್ ನೋಡಿಕೊಳ್ಳುವವನು ಬಾಗಿಲಲ್ಲಿ ನಿಂತು ನೋಡುತ್ತಿದ್ದ. ನಾನು ಅವನಿಗೆ ಇಟ್ಟ ಹೆಸರು ಯಮ. ಹದಿನಾರು ವರ್ಷದ ಹಿಂದೆ ಅವನು ಉಪ್ಪಿನ ಚೀಲದಲ್ಲಿ ಜೀವಂತ ಮರಿಗಳನ್ನು ತುಂಬಿಕೊಂಡು ಹಿಂದಿನ ಮೋರಿಗೆ ಹೋದದ್ದನ್ನು, ಖಾಲಿ ಕೈಯಲ್ಲಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅವತ್ತಿನಿಂದ ಅವನ ಜೊತೆ ಕೆಲಸದ ಮಾತು ಬಿಟ್ಟು ಬೇರೆ ಮಾತಿಲ್ಲ. ಹೊಸದಾಗಿ ಸೇರಿದವರಿಗೆಲ್ಲ ಈ ಕಥೆ ಹೇಳಿ ಎಚ್ಚರಿಸಿದ್ದೇನೆ.

"ಅಮ್ಮಾ, ಎತ್ತೋಕೆ ಕೈ ಹಚ್ಲಾ?" ಎಂದ.

"ನಿನ್ನ ಕೈ ಏನು ಅಂತ ನೋಡಿದ್ದೀನಿ. ಬೇಡ."

ಅವನು ಕೈಯನ್ನೇ ಒಮ್ಮೆ ನೋಡಿಕೊಂಡು ಒಳಗೆ ಹೋದ. ಚೆನ್ನಾಗಿ ಆಯಿತು.

ಮಾರ್ಚ್ ೧೯, ಬುಧವಾರ

ಆರು ಮುಗಿದವು. ಬಿಟ್ಟ ಬೆಕ್ಕುಗಳು ಎರಡು ದಿನ ಮುಖ ತಿರುಗಿಸಿಕೊಂಡಿದ್ದು ಮೂರನೇ ದಿನ ತಟ್ಟೆಗೆ ಬಂದವು. ಈಗ ಸಂಜೆ ನಾಲ್ಕಕ್ಕೆ ಸರಿಯಾಗಿ ತಟ್ಟೆಯನ್ನು ಚಮಚದಿಂದ ಬಡಿಯುತ್ತೇನೆ. ಎಲ್ಲಿದ್ದರೂ ಓಡಿ ಬರುತ್ತವೆ, ಶಾಲೆ ಬಿಟ್ಟ ಮಕ್ಕಳ ಹಾಗೆ. ಹತ್ತು ನಿಮಿಷದಲ್ಲಿ ತಟ್ಟೆ ಎತ್ತಿಬಿಡುತ್ತೇನೆ. ಅಡುಗೆಮನೆಯ ಕಸದ ಡಬ್ಬಿಗೆ ಮುಚ್ಚಳ ಹಾಕಿಸಿದ್ದೂ ನಾನೇ. ನರ್ಸುಗಳು ಮೇಲಿಂದ ಫೋಟೋ ತೆಗೆದರಂತೆ. ಮೇಲ್ವಿಚಾರಕರು ನೋಡಿ ಪರವಾಗಿಲ್ಲವೇ ಎಂದರಂತೆ. ಪರವಾಗಿಲ್ಲವೇ ಅಂತೆ! ಹೊಲಿಗೆಯವಳು ಅಂದರೆ ಸೂಜಿ ಮಾತ್ರ ಹಿಡಿಯುತ್ತಾಳೆ ಎಂದುಕೊಂಡಿದ್ದರೇನೋ.

ಉಳಿದವು ಐದು. ಅದರಲ್ಲಿ ಕಲೆ, ಅಂದರೆ ಆ ಬಟ್ಟೆ ಗಾಡಿಯಲ್ಲಿ ಹೆತ್ತ ಮೂರು ಬಣ್ಣದವಳು, ಈಗ ಬೇಡ. ಮರಿಗಳನ್ನು ಬಾಯ್ಲರ್ ಕೋಣೆಯಲ್ಲಿ ಎಲ್ಲೋ ಬಚ್ಚಿಟ್ಟಿದ್ದಾಳೆ. ಅಷ್ಟು ದೊಡ್ಡ ಹಿತ್ತಲು ಬಿಟ್ಟು ಯಮನ ಮಡಿಲನ್ನೇ ಹುಡುಕಿಕೊಂಡು ಹೋಗಿದ್ದಾಳೆ, ಬುದ್ಧಿಗೇಡಿ. ಏಪ್ರಿಲ್ ಮಧ್ಯದಲ್ಲಿ ಅವಳ ಸರದಿ. ಮರಿಗಳನ್ನು ಡಾಕ್ಟರಮ್ಮ ಸಾಕುವವರಿಗೆ ಕೊಡಿಸುತ್ತಾರೆ. ಇನ್ನುಳಿದವರಲ್ಲಿ ಕಷ್ಟದವನು ಗೂಂಡಾ, ಕಿವಿ ಹರಿದ ಗಂಡು. ಹಿತ್ತಲಿಗೆ ಬರುವುದೇ ಇಲ್ಲ.

ಮಾರ್ಚ್ ೨೭, ಗುರುವಾರ

ನಾಳೆ ಮಧ್ಯಾಹ್ನದಿಂದ ಸೋಮವಾರದವರೆಗೆ ಬಟ್ಟೆ ವಿಭಾಗಕ್ಕೆ ರಜೆ. ಬಾಯ್ಲರ್ ಒಳಗೆ ಕಟ್ಟಿದ ಸುಣ್ಣ ಕೆರೆಯುತ್ತಾರಂತೆ. ಸದ್ದಿಲ್ಲದ ಹಿತ್ತಲು, ಹಸಿದ ಬೆಕ್ಕುಗಳು. ಇದಕ್ಕಿಂತ ಒಳ್ಳೆ ದಿನ ಸಿಗುವುದಿಲ್ಲ.

ಐದನೆಯ ಬೋನನ್ನು ಕೊನೆಗೂ ಸರಿ ಮಾಡಿದೆ. ಹಳೆ ಯಂತ್ರದ ಸ್ಪ್ರಿಂಗ್ ಹಾಕಿ, ತಂತಿ ಬಿಗಿದು, ಸಡಿಲ ಬಿಟ್ಟ ಬಲೆಯನ್ನು ದಪ್ಪ ದಾರದಿಂದ ಹೊಲಿದೆ. ಡಾಕ್ಟರಮ್ಮನಿಗೆ ಹೇಳಿಲ್ಲ. ಗೂಂಡಾನನ್ನು ಅದರಲ್ಲೇ ಒಯ್ದು ಮುಂದಿಟ್ಟಾಗ ಅವರ ಮುಖ ನೋಡಬೇಕು. ಒಣಗಿಸುವ ಕೋಣೆಯ ಹಿಂದಿನ ಓಣಿಯಲ್ಲಿ ಇಡುತ್ತೇನೆ. ತಗಡಿನ ಮಾಡಿನ ಇಕ್ಕಟ್ಟು ಓಣಿ. ಗೂಂಡಾ ಕೊಳವೆಯ ಕಿಂಡಿಯಿಂದ ಅದರೊಳಗೆ ನುಸುಳುವುದನ್ನು ಎರಡು ಸಲ ನೋಡಿದ್ದೇನೆ. ಬೀಗದ ಕೈ ನನ್ನ ಹತ್ತಿರ ಮಾತ್ರ ಇರುವುದರಿಂದ ಯಮನ ಕಾಟವೂ ಇಲ್ಲ.

ಮಾರ್ಚ್ ೨೮, ಶುಕ್ರವಾರ

ಗೂಂಡಾ ಸಿಕ್ಕ! ಅದೂ ಹಿತ್ತಲಲ್ಲೇ, ಎಲ್ಲರ ಎದುರು! ಬೋನು ಎತ್ತಿದರೆ ಕಲ್ಲು ತುಂಬಿದ ಹಾಗೆ. ಮಿಕ್ಕ ಮೂರೂ ಬಿದ್ದವು. ಖುಷಿಯಲ್ಲಿ ಅಡುಗೆಮನೆಯವರನ್ನೆಲ್ಲ ಕರೆದು ತೋರಿಸುತ್ತಿದ್ದೆ, ಆಗಲೇ ಪಕ್ಕದ ಮನೆಯಾಕೆಯ ಫೋನ್. ಅತ್ತಿಗೆ ಬಚ್ಚಲಲ್ಲಿ ಜಾರಿ ಬಿದ್ದಿದ್ದಾರೆ, ಏಳಲಾಗುತ್ತಿಲ್ಲ.

ಆಟೋದಲ್ಲಿ ಬೋನುಗಳನ್ನು ಡಾಕ್ಟರಮ್ಮನ ಬಾಗಿಲಲ್ಲಿ ಇಳಿಸಿದೆ.

"ಎಷ್ಟು ಇಟ್ರಿ, ಎಷ್ಟು ತಂದ್ರಿ?"

"ನಾಲ್ಕು, ನಾಲ್ಕು" ಎಂದು ಅದೇ ಆಟೋ ಹತ್ತಿ ಮನೆಗೆ ಓಡಿದೆ.

ಅತ್ತಿಗೆಯ ಸೊಂಟದ ಮೂಳೆ ಮುರಿದಿದೆ. ಮೂಳೆ ಆಸ್ಪತ್ರೆಯಲ್ಲಿ ಸೇರಿಸಿದ್ದೇನೆ. ಅವರ ಪಕ್ಕದಲ್ಲಿ ಕೂತೇ ಬರೆಯುತ್ತಿದ್ದೇನೆ. ನೋವಿನಲ್ಲೂ "ನಾಲ್ಕು ಬೆಕ್ಕು ಹಿಡಿದ್ಲು, ಒಬ್ಬಳು ಅತ್ತಿಗೇನ ಹಿಡ್ಕೊಳ್ಳೋಕಾಗ್ಲಿಲ್ಲ" ಎಂದು ನರ್ಸಿಗೆ ಹೇಳುತ್ತಿದ್ದಾರೆ.

ಮಾರ್ಚ್ ೨೯, ಶನಿವಾರ

ಬೆಳಗ್ಗೆಯಿಂದ ಯಮ ಮೂರು ಸಲ ಫೋನ್ ಮಾಡಿದ್ದಾನೆ. ಎತ್ತಲಿಲ್ಲ. ಸುಣ್ಣದ ಕೊಳೆ ಒರೆಸಲು ಹಳೆ ಬಟ್ಟೆ ಬೇಕಿರುತ್ತದೆ, ಮತ್ತೇನು. ನನ್ನ ಕಷ್ಟ ನನಗೆ. ಸೆಖೆ ತಡೆಯಲಾಗುತ್ತಿಲ್ಲ, ಫ್ಯಾನಿನ ಗಾಳಿಯೂ ಬಿಸಿ.

ಮಾರ್ಚ್ ೩೦, ಭಾನುವಾರ

ನಾಳೆ ಅತ್ತಿಗೆಗೆ ಆಪರೇಷನ್. ಯಮನ ಕರೆ ಮತ್ತೆ ಎರಡು. ಎಂಥ ಮನುಷ್ಯನಪ್ಪ! ಫೋನನ್ನೇ ಆರಿಸಿಟ್ಟೆ.

ಏಪ್ರಿಲ್ ೨, ಬುಧವಾರ

ಕಲೆ ಸಿಕ್ಕಳು.

ಇವತ್ತು ಇದಕ್ಕಿಂತ ಹೆಚ್ಚು ಬರೆಯಲಾರೆ.

ಏಪ್ರಿಲ್ ೪, ಶುಕ್ರವಾರ

ಬರೆಯದಿದ್ದರೆ ಇದು ಹೊಟ್ಟೆಯಲ್ಲೇ ಕೊಳೆಯುತ್ತದೆ. ಬರೆಯುತ್ತೇನೆ.

ಬುಧವಾರ ಕೆಲಸಕ್ಕೆ ಹೋದೆ. ಬಾಯ್ಲರ್ ಬಾಗಿಲಲ್ಲಿ ಅವನು ಏನೋ ಹೇಳಲು ಬಂದ, ನಾನು ನಿಲ್ಲಲಿಲ್ಲ. ತೇಪೆಗೆ ಹಳೆ ಬಟ್ಟೆ ತರಲು ಹಿಂದಿನ ಓಣಿಯ ಬೀಗ ತೆಗೆದೆ. ವಾಸನೆ ಬಂತು. ಆಗ ಐದನೆಯ ಬೋನು ನೆನಪಾಯಿತು, ಶುಕ್ರವಾರ ಇಟ್ಟು ಬೀಗ ಹಾಕಿದ್ದು. ಆ ಕ್ಷಣದವರೆಗೆ, ಐದು ದಿನ, ಒಂದೇ ಒಂದು ಸಲವೂ ನೆನಪಾಗಿರಲಿಲ್ಲ.

ಬೋನಿನಲ್ಲಿ ಗೂಂಡಾ ಅಲ್ಲ, ಕಲೆ ಇದ್ದಳು. ತಂತಿ ಕಚ್ಚಿ ಕಚ್ಚಿ ಬಾಯೆಲ್ಲ ಗಾಯ. ನಾನು ಹೊಲಿದ ಜಾಗವನ್ನು ಕೆರೆದಿದ್ದಾಳೆ, ಉಗುರು ದಾರದಲ್ಲೇ ಸಿಕ್ಕಿಕೊಂಡಿದೆ. ನನ್ನ ಹೊಲಿಗೆ ಬಿಟ್ಟಿರಲಿಲ್ಲ. ತಗಡಿನ ಮಾಡು, ಈ ಬಿಸಿಲು, ಒಂದು ಹನಿ ನೀರಿಲ್ಲ. ಮೊಲೆಗಳು ಹಾಲಿನ ಗುರುತು ಹೊತ್ತು ಒಣಗಿದ್ದವು.

ಬೋನಿನ ಪಕ್ಕ ನೆಲದಲ್ಲಿ, ಕೊಳವೆಯ ಕಿಂಡಿಯಿಂದ ಬೋನಿನ ತುದಿಯವರೆಗೆ, ನೀರು ಹರಿದು ಒಣಗಿದ ಗುರುತಿತ್ತು. ಬಾಯ್ಲರ್ ನಿಂತಿರುವಾಗ ನೀರು ಎಲ್ಲಿಂದ ಬಂತೋ ತಿಳಿಯಲಿಲ್ಲ.

ಆಮೇಲೆ ನಾನು ಮಾಡಿದ್ದನ್ನೂ ಬರೆಯಬೇಕು. ಕೈಗೆ ಸಿಕ್ಕ ಚೀಲದಲ್ಲಿ ಅವಳನ್ನು ಹಾಕಿದೆ. ಬಾಯ್ಲರ್ ನೀರಿಗೆ ಹಾಕುವ ಉಪ್ಪಿನ ಖಾಲಿ ಚೀಲ ಅದು. ಸಂಜೆ ಹೂಳೋಣ ಎಂದು ಬೂದಿ ಗುಡ್ಡೆಯ ಹಿಂದೆ ಇಟ್ಟೆ. ಬೋನನ್ನು ತೊಳೆದು ಹಳೆ ಯಂತ್ರಗಳ ಹಿಂದೆ ಅಡಗಿಸಿದೆ. ಸಂಜೆಯ ಒಳಗೆ ಕಸ ಗುಡಿಸುವಾಕೆ ಚೀಲ ಬಿಚ್ಚಿ ನೋಡಿ ಮೇಲ್ವಿಚಾರಕರಿಗೆ ಹೇಳಿ ಆಗಿತ್ತು.

ಏಪ್ರಿಲ್ ೭, ಸೋಮವಾರ

ಮೇಲ್ವಿಚಾರಕರ ಕೋಣೆಯಲ್ಲಿ ಬಾಯ್ಲರಿನವನೂ ಇದ್ದ.

"ಉಪ್ಪಿನ ಚೀಲ ಬಾಯ್ಲರ್ ಕೋಣೇದು. ಇವನ ಹಳೇ ಕಥೆ ಇಲ್ಲಿ ಎಲ್ಲರಿಗೂ ಗೊತ್ತು. ಆದರೆ ನಿಮ್ಮ ಬೋನಲ್ಲಿ ಸತ್ತದ್ದು ಅಂತ ಇವನು ಹೇಳ್ತಾನೆ. ಶನಿವಾರ ನಿಮಗೆ ಫೋನ್ ಮಾಡಿದ್ನಂತೆ. ಹೌದಾ ಅಮ್ಮಾ?"

ಹಳೇ ಕಥೆ ಎಲ್ಲರಿಗೂ ಹೇಗೆ ಗೊತ್ತಾಯಿತು? ನಾನೇ ಹೇಳಿದ್ದು.

"ಬೋನಿನಲ್ಲಿ ಸತ್ತಿದ್ರೆ ಇವತ್ತೇ ಗಾಡಿ ಕರೆಸ್ತೀನಿ, ನಿಮ್ಮ ಷರತ್ತು ಮುರಿಯಿತು. ಇವನು ಕೊಂದಿದ್ರೆ ಅದು ಬೇರೆ ವಿಷಯ" ಎಂದರು.

ಹತ್ತು ಬೆಕ್ಕುಗಳು ಕಣ್ಣ ಮುಂದೆ ಬಂದವು. ದಿಂಬು, ಇಸ್ತ್ರಿ, ಗುಂಡಿ, ಎಲ್ಲ ಕತ್ತರಿಸಿದ ಕಿವಿ ಹೊತ್ತು, ತಟ್ಟೆಯ ಸದ್ದಿಗೆ ಓಡಿ ಬರುವವು.

"ನನಗೆ ಯಾವ ಫೋನೂ ಬರ್ಲಿಲ್ಲ ಸರ್" ಎಂದೆ.

ಅವನು ಫೋನು ತೆಗೆದು ತೋರಿಸಬಹುದಿತ್ತು. ನನ್ನ ಮುಖವನ್ನು ನೋಡಿ, ಆಮೇಲೆ ನೆಲ ನೋಡಿದ.

ಏಪ್ರಿಲ್ ೮, ಮಂಗಳವಾರ

ಅವನನ್ನು ಬಾಯ್ಲರ್‌ನಿಂದ ತೆಗೆದು ಆಸ್ಪತ್ರೆಯ ಕಸ ಸುಡುವ ಕುಲುಮೆಗೆ ಹಾಕಿದ್ದಾರೆ. ರಕ್ತದ ಹತ್ತಿ, ಕತ್ತರಿಸಿದ ಪಟ್ಟಿ, ಇನ್ನೂ ಏನೇನೋ. ಅಲ್ಲಿ ಯಾರೂ ವರ್ಷಕ್ಕಿಂತ ಹೆಚ್ಚು ನಿಂತಿಲ್ಲ. ಅವನಿಗೆ ಜೂನ್ ಕೊನೆಗೆ ನಿವೃತ್ತಿ. ಮೂವತ್ತನಾಲ್ಕು ವರ್ಷ ಒಂದೇ ಬಾಯ್ಲರ್ ನೋಡಿಕೊಂಡವನು.

ಹತ್ತು ಜೀವ ಉಳಿಯಿತು. ಹಾಗೆಂದುಕೊಂಡು ಮಲಗುತ್ತೇನೆ.

ಏಪ್ರಿಲ್ ೧೦, ಗುರುವಾರ

ಅತ್ತಿಗೆ ಮನೆಗೆ ಬಂದರು. ಹಾಲಿನವನು ನೀರು ಬೆರೆಸುತ್ತಾನೆಂದು ಮಲಗಿದಲ್ಲಿಂದಲೇ ಬೈಯುತ್ತಿದ್ದರು. "ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ್ರೆ ಲೋಕಕ್ಕೆ ಗೊತ್ತಾಗಲ್ವಾ?" ಎಂದರು. ಹಾಲಿನವನಿಗೆ ಹೇಳಿದ ಮಾತು. ನಾನು ತಟ್ಟೆ ಬಿಟ್ಟು ಎದ್ದೆ.

"ಏನಾಯ್ತೇ ನಿನಗೆ?"

"ಹಸಿವಿಲ್ಲ."

ಏಪ್ರಿಲ್ ೧೨, ಶನಿವಾರ

ಕಲೆಯ ಮರಿಗಳು. ಇಷ್ಟು ದಿನ ಅವುಗಳ ಯೋಚನೆಯೇ ಬಂದಿರಲಿಲ್ಲ, ಬರೆಯಲು ನಾಚಿಕೆಯಾಗುತ್ತದೆ. ಆರು ವಾರದ ಮರಿಗಳು, ತಾಯಿ ಇಲ್ಲದೆ ಹದಿನೈದು ದಿನ. ಬಾಯ್ಲರ್ ಕೋಣೆಯಲ್ಲಿ ಹುಡುಕಿದೆ, ಇಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಕುಲುಮೆಯ ಕಡೆ ಹೋದೆ.

ಅವರು, ಇಷ್ಟು ದಿನ ನಾನು ಯಮ ಎಂದವರು, ನೆರಳಲ್ಲಿ ಕೂತಿದ್ದರು. ಊಟದ ಚೀಲದಲ್ಲಿ ಎರಡು ಮರಿಗಳು ಒಂದರ ಮೇಲೊಂದು ಮಲಗಿದ್ದವು. ಔಷಧಿಯ ಸಿರಿಂಜಿನಿಂದ ಹಾಲು ಕುಡಿಸುತ್ತಾರಂತೆ. ಈಗ ಮೆತ್ತಗೆ ಕಲಸಿಟ್ಟರೆ ತಾವೇ ತಿನ್ನುತ್ತವಂತೆ.

"ಮೂರಿತ್ತಮ್ಮಾ. ಒಂದು ಭಾನುವಾರ ಹೋಯ್ತು."

ಯಾವ ಭಾನುವಾರ ಎಂದು ಕೇಳುವ ಅಗತ್ಯವಿರಲಿಲ್ಲ. ಎದುರು ಕಲ್ಲಿನ ಮೇಲೆ ಕೂತೆ.

"ಶನಿವಾರ ಬೆಳಗ್ಗೆ ಮರಿಗಳು ಅರಚ್ತಿದ್ವು" ಎಂದು ಅವರೇ ಹೇಳಿದರು. "ಗೋಡೆ ಆಚೆ ತಾಯೀನೂ ಅರಚ್ತಿತ್ತು. ಇದಕ್ಕೆ ಅದು ಓಗೊಡೋದು, ಅದಕ್ಕೆ ಇವು. ನಿಮಗೆ ಫೋನ್ ಮಾಡ್ದೆ. ಗೇಟಿನವನಿಗೆ ಹೇಳ್ದೆ, ಬೀಗದ ಕೈ ಅಮ್ಮನ ಹತ್ರ ಅಂದ. ಕೊಳವೆ ಕಿಂಡಿಯಿಂದ ಬಕೆಟ್ಟಲ್ಲಿ ನೀರು ಸುರಿದೆ. ಅದಕ್ಕೆ ಎಟುಕಿತೋ ಇಲ್ವೋ. ಸೋಮವಾರ ಬೆಳಗ್ಗೆ ಸದ್ದಿರಲಿಲ್ಲ."

ಆಗಲೂ ನನ್ನ ಬುದ್ಧಿ ನೋಡು, ತಪ್ಪನ್ನು ಹಂಚಿಕೊಳ್ಳಲು ಯಾರಾದರೂ ಸಿಗುತ್ತಾರಾ ಎಂದೇ ಹುಡುಕುತ್ತಿತ್ತು. "ಬೀಗ ಒಡೀಬಹುದಿತ್ತಲ್ಲ?" ಎಂದೆ.

"ಒಡೆದ್ರೆ ಕೆಲಸ ಹೋಗುತ್ತೆ ಅಂತ ಹೆದರಿದೆ. ಒಡೀಬೇಕಿತ್ತು." ಮರಿಗಳ ಕಡೆ ನೋಡಿ, "ಹೇಗೂ ಹೋಯ್ತಲ್ಲ" ಎಂದು ನಕ್ಕರು.

"ಮೋರಿಗೆ ಹಾಕಿದ್ರಲ್ಲ ಆವತ್ತು" ಎಂದೆ. ಯಾಕೆ ಕೇಳಿದೆನೋ.

"ಹಾಕಿದ್ದೆ. ಆಗಿನ ಸಾಹೇಬರು ಹೇಳಿದ್ರು, ನಾನು ಮಾಡ್ದೆ. ಆರು ಮರಿ. ಎಣಿಸಿದ್ದೆ. ಇವತ್ತಿಗೂ ಎಣಿಸ್ತೀನಿ." ಸಿರಿಂಜನ್ನು ಬಟ್ಟೆಯಲ್ಲಿ ಒರೆಸಿದರು. "ಅದಕ್ಕೇ ನೀವು ಏನಂದ್ರೂ ನನಗೆ ಕೋಪ ಬರ್ತಿರ್ಲಿಲ್ಲ. ಆದರೆ ಇದನ್ನ ನಾನು ಮಾಡ್ಲಿಲ್ಲಮ್ಮಾ."

ಫೋನನ್ನು ಯಾಕೆ ತೋರಿಸಲಿಲ್ಲ ಎಂದೆ. "ತೋರಿಸಿದ್ರೆ ಮಿಕ್ಕ ಹತ್ತೂ ಗಾಡಿ ಹತ್ತುತ್ತಿದ್ವು. ನೀವೂ ಅದಕ್ಕೇ ಸುಳ್ಳು ಹೇಳಿದ್ರಿ ಅಂದ್ಕೊಂಡೆ" ಎಂದರು.

ಅದಕ್ಕೇನಾ? ನನಗೇ ಗೊತ್ತಿಲ್ಲ.

ಏಪ್ರಿಲ್ ೧೫, ಮಂಗಳವಾರ

ಮೂರು ರಾತ್ರಿ ನಿದ್ದೆಯಿಲ್ಲ. ಹೇಳಿದರೆ ಹತ್ತು ಬೆಕ್ಕು. ಹೇಳದಿದ್ದರೆ ಒಬ್ಬ ಮನುಷ್ಯ. ಕೊನೆಗೆ ಅತ್ತಿಗೆಯ ಮುಂದೆ ಎಲ್ಲ ಹೇಳಿಬಿಟ್ಟೆ. ಜೋಕು ಮಾಡುತ್ತಾರೆಂದುಕೊಂಡಿದ್ದೆ, ಮಾಡಲಿಲ್ಲ. "ಬೆಕ್ಕಿನ ನೆಪ ಹೇಳ್ಬೇಡ. ನಿನ್ನ ಮರ್ಯಾದೆ ಉಳಿಸ್ಕೊಂಡೆ. ಅಷ್ಟೇ" ಎಂದು ಗೋಡೆಯ ಕಡೆ ತಿರುಗಿ ಮಲಗಿದರು.

ಬೆಳಗ್ಗೆ ಮೊದಲು ಡಾಕ್ಟರಮ್ಮನಲ್ಲಿಗೆ ಹೋದೆ. ಪೂರ್ತಿ ಕೇಳಿದರು. "ನಾಲ್ಕು, ನಾಲ್ಕು ಅಂದಿರಿ" ಎಂದರು. ಬೈದಿದ್ದರೆ ಚೆನ್ನಾಗಿತ್ತು. ಬೋನುಗಳನ್ನೆಲ್ಲ ವಾಪಸು ತರಲು ಹೇಳಿದರು. "ಐದನೆಯದನ್ನೂ."

ಆಮೇಲೆ ಮೇಲ್ವಿಚಾರಕರ ಕೋಣೆ. ನಿಂತೇ ಹೇಳಿದೆ. ಫೋನಿನಲ್ಲಿದ್ದ ಐದು ಕರೆಗಳನ್ನು ತೋರಿಸಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಪಾಸಣೆಗೆ ಆರು ದಿನ ಇರುವಾಗ ಇದನ್ನ ಹೇಳ್ತಿದ್ದೀರಲ್ಲಮ್ಮಾ."

"ಅವರನ್ನ ಬಾಯ್ಲರಿಗೆ ವಾಪಸು ಹಾಕಿ ಸರ್."

"ಅಲ್ಲಿಗೆ ಬೇರೆಯವರು ಬಂದಾಯ್ತು. ಜೂನಿಗೆ ನಿವೃತ್ತಿ ತಾನೇ, ಎರಡು ತಿಂಗಳು ಎಲ್ಲಿದ್ರೇನು. ಕಾಗದದಲ್ಲಿ ಅವನ ತಪ್ಪಿಲ್ಲ ಅಂತ ಬರೆಸ್ತೀನಿ. ನಿಮಗೆ ಮೆಮೊ ಕೊಡ್ತೀನಿ. ಗಾಡಿ ಶುಕ್ರವಾರ ಬರುತ್ತೆ."

ಸತ್ಯ ಹೇಳಿದರೆ ಎದೆ ಹಗುರಾಗುತ್ತದೆ ಎನ್ನುತ್ತಾರೆ. ಹೇಳಿದವರು ಯಾರೋ, ಅವರ ಎದೆ ಎಂಥದ್ದೋ.

ಏಪ್ರಿಲ್ ೧೮, ಶುಕ್ರವಾರ

ಎರಡು ದಿನ ಹಿತ್ತಲಲ್ಲಿ ಕಲ್ಲು ಎಸೆದು ಓಡಿಸಿ ನೋಡಿದೆ. ಹೋಗಿ ಹೋಗಿ ಅಲ್ಲಿಗೇ ಬಂದವು. ಇಸ್ತ್ರಿಗೆ ಒಂದು ಕಲ್ಲು ನಿಜಕ್ಕೂ ತಾಗಿತು. ಅದು ದೂರ ಕೂತು ನನ್ನನ್ನೇ ನೋಡಿತು.

ಗಾಡಿ ಮೂರೂವರೆಗೆ ಬಂತು. ಇಬ್ಬರು, ಬಲೆ, ಕೋಲು. ಬೆಕ್ಕುಗಳು ಮಾಡಿನ ಮೇಲೆ, ಗೋಡೆಯ ಮೇಲೆ ಹರಡಿಕೊಂಡಿದ್ದವು, ಸಿಗುವಂತಿರಲಿಲ್ಲ. ಮೇಲ್ವಿಚಾರಕರು ನನ್ನ ಹತ್ತಿರ ಬಂದು, "ನೀವೇ ಕರೀರಿ ಅಮ್ಮಾ, ಬೇಗ ಮುಗಿಯುತ್ತೆ. ಇಲ್ದಿದ್ರೆ ಕೋಲಿನಲ್ಲಿ ಹೊಡೀತಾರೆ" ಎಂದರು. ಆಗುವುದಿಲ್ಲ ಎಂದೆ. ಅಡುಗೆಮನೆಯವರಲ್ಲಿ ಯಾರೋ ಗಾಡಿಯವನಿಗೆ ತಟ್ಟೆ ಮತ್ತು ಚಮಚ ಕೊಟ್ಟರು. ಆಗ ನಾಲ್ಕು ಗಂಟೆ.

ತಟ್ಟೆಯ ಸದ್ದಿಗೆ ಎಲ್ಲ ಇಳಿದು ಬಂದವು. ಆ ಸದ್ದಿಗೆ ಬರುವುದನ್ನು ಕಲಿಸಿದ್ದು ನಾನು. ದಿಂಬು ಎಂದಿನಂತೆ ಮೊದಲು.

ಎಂಟು ಹೋದವು. ಗೂಂಡಾ ಮತ್ತು ಇಸ್ತ್ರಿ ಇಲ್ಲ, ಎಲ್ಲಿಯೋ ಗೊತ್ತಿಲ್ಲ. ನನ್ನ ಕಲ್ಲು ತಾಗಿದ್ದಕ್ಕೆ ಇಸ್ತ್ರಿ ಬರಲಿಲ್ಲ ಎಂದುಕೊಳ್ಳುತ್ತೇನೆ. ಗಾಡಿ ಗೇಟು ದಾಟುವಾಗ ಅವರು ಕುಲುಮೆಯ ಬಾಗಿಲಲ್ಲಿ ಊಟದ ಚೀಲವನ್ನು ಎದೆಗೆ ಅವುಚಿಕೊಂಡು ನಿಂತಿದ್ದರು. ಚೀಲವನ್ನು ಯಾರೂ ಬಿಚ್ಚಿ ನೋಡಲಿಲ್ಲ.

ಏಪ್ರಿಲ್ ೨೧, ಸೋಮವಾರ

ತಪಾಸಣೆಯವರು ಬಂದರು. ಹಿತ್ತಲಿಗೆ ಕಾಲೇ ಇಡಲಿಲ್ಲ.

ಮೇ ೧೬, ಶುಕ್ರವಾರ

ಸಂಜೆ ಬೂದಿ ಗುಡ್ಡೆಯ ಮೇಲೆ ಒಂದು ಕಪ್ಪು ಬೆಕ್ಕು ಕೂತಿತ್ತು. ಗೊತ್ತಿಲ್ಲದ ಬೆಕ್ಕು. ಎರಡೂ ಕಿವಿ ಪೂರ್ತಿ ಇದ್ದವು. ಕಸದ ಡಬ್ಬಿಯ ಹಿಂದೆ ಇನ್ನೆರಡು. ಡಾಕ್ಟರಮ್ಮ ಎರಡು ತಿಂಗಳು ಎಂದಿದ್ದರು, ಒಂದೂ ಆಗಿಲ್ಲ.

ನೋಡಿಯೂ ನೋಡದಂತೆ ಬಂದೆ. ಮನೆಯಲ್ಲಿ ಅತ್ತಿಗೆ ಗೋಡೆ ಹಿಡಿದು ನಡೆಯುವುದನ್ನು ಕಲಿಯುತ್ತಿದ್ದಾರೆ. ಊಟದ ಹೊತ್ತಿಗೆ ಹೇಳಿದೆ. "ಹೊಟ್ಟೆ ಬಂದಿದೆಯಾ ಅವಕ್ಕೆ?" ಎಂದರು. ಕಪ್ಪಿಗೆ ಬಂದಿರುವ ಹಾಗಿದೆ.

ಮೇ ೧೯, ಸೋಮವಾರ

ಡಾಕ್ಟರಮ್ಮನ ಬಾಗಿಲಲ್ಲಿ ಅರ್ಧ ಗಂಟೆ ನಿಂತೆ. ಒಳಗೆ ಕರೆಯಲಿಲ್ಲ, ಹೋಗು ಎಂದೂ ಹೇಳಲಿಲ್ಲ. ಕೊನೆಯ ನಾಯಿಯನ್ನು ನೋಡಿ ಮುಗಿಸಿ ಬಂದು, "ಬೋನು ಕೊಡ್ತೀನಿ. ಆದರೆ ನಿಮಗೊಬ್ಬರಿಗೇ ಅಲ್ಲ. ಇಬ್ಬರು ಇಡ್ಬೇಕು, ಇಬ್ಬರು ಎಣಿಸ್ಬೇಕು, ಪುಸ್ತಕದಲ್ಲಿ ಇಬ್ಬರ ಸಹಿ. ಇನ್ನೊಬ್ಬರು ಯಾರು?" ಎಂದರು.

ಕುಲುಮೆಯ ಕಡೆ ಹೋದೆ. ಕೇಳಲು ಬಾಯಿ ಬರಲಿಲ್ಲ. ಬಾಯ್ಲರಣ್ಣ, ಈಗ ಅವರನ್ನು ಹಾಗೇ ಕರೆಯುವುದು, ಹೊಗೆಯ ಕೆಮ್ಮು ನಿಂತ ಮೇಲೆ, "ಎಷ್ಟು ಬಂದಿವೆ?" ಎಂದರು.

ಮೇ ೨೬, ಸೋಮವಾರ

ಐದು ಇಟ್ಟೆವು. ಡಾಕ್ಟರಮ್ಮ ಐದನೆಯದಕ್ಕೆ ಹೊಸ ಸ್ಪ್ರಿಂಗ್ ಹಾಕಿಸಿದ್ದಾರೆ, ನನ್ನ ಹೊಲಿಗೆಯನ್ನು ಬಿಚ್ಚಿಸಿಲ್ಲ. ದಾರ ಕೆರೆದ ಜಾಗ ಹಾಗೇ ಇದೆ.

"ಎಷ್ಟು ಇಟ್ವಿ?" ಎಂದರು ಬಾಯ್ಲರಣ್ಣ, ಹಿತ್ತಲಿಗೆಲ್ಲ ಕೇಳುವಂತೆ.

"ಐದು."

"ನಾನೂ ಐದು ಎಣಿಸ್ದೆ."

ನೋಡಿದವರು ಇಬ್ಬರಿಗೂ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಸಂಜೆಗೆ ಮೂರು ತುಂಬಿದವು, ಎರಡು ಖಾಲಿ. ಕಪ್ಪು ಸಿಕ್ಕಳು. ಆಟೋಗೆ ಏರಿಸುವ ಮೊದಲು ಮತ್ತೆ ಎಣಿಸಿದೆವು. ಐದು. ಸಹಿ ಹಾಕಿದೆವು.

ಅಷ್ಟಾದ ಮೇಲೂ ಅವರು ಹೊರಡಲಿಲ್ಲ. ಒಣಗಿಸುವ ಕೋಣೆಯ ಹಿಂದಕ್ಕೆ ನಡೆದರು. ನಾನೂ ಹಿಂದೆ ಹೋದೆ. ಓಣಿಯಲ್ಲಿ ನಾವು ಏನೂ ಇಟ್ಟಿರಲಿಲ್ಲ, ಇಬ್ಬರಿಗೂ ಗೊತ್ತಿತ್ತು. ಬೀಗ ತೆಗೆದೆ. ಇಬ್ಬರೂ ಬಗ್ಗಿ ತುದಿಯವರೆಗೆ ನೋಡಿದೆವು. ನೆಲ ಖಾಲಿಯಿತ್ತು. ನೀರಿನ ಗುರುತು ಇನ್ನೂ ಹೋಗಿಲ್ಲ.

ಬಾಗಿಲು ಎಳೆದು ಬೀಗ ಹಾಕಲು ಹೋದೆ. ಅವರು ಕೈ ಅಡ್ಡ ಹಿಡಿದರು.

"ಜೂನ್ ಆದ್ಮೇಲೆ ನಾನಿರಲ್ಲ. ಬೀಗ ಬೇಡಮ್ಮಾ."

ಬೀಗವನ್ನು ಮನೆಗೆ ತಂದಿದ್ದೇನೆ, ಮುಂದೆಯೇ ಇದೆ. ಮೇಲ್ವಿಚಾರಕರು ಕೇಳಿದರೆ ಕಳೆದುಹೋಯಿತು ಎನ್ನುವುದಿಲ್ಲ. ನಾನೇ ತೆಗೆದೆ ಎನ್ನುತ್ತೇನೆ.